ಗ್ಯಾರೇಜಿನ ಮಗ ಯಂತ್ರಕ್ಕೆ ಬೆನ್ನು ಹಾಕಬೇಕೇ?

ಪಿಯುಸಿ ಫಲಿತಾಂಶ ಮತ್ತು ಸಿಇಟಿ ರ‍್ಯಾಂಕ್ ಪಟ್ಟಿ ಪ್ರಕಟವಾದ ಬಳಿಕ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಪ್ರತಿವರ್ಷ ಒಂದೇ ಪ್ರಶ್ನೆ ಕೇಳಿಬರುತ್ತದೆ: ‘ಕಂಪ್ಯೂಟರ್ ಸೀಟು ಸಿಕ್ಕಿತೇ?’ ಸಿಕ್ಕಿದರೆ ಸಿಹಿ ಹಂಚಲಾಗುತ್ತದೆ. ಸಿಗದಿದ್ದರೆ ಚಿನ್ನ ಅಡವಿಟ್ಟಾದರೂ, ಸಾಲ ಮಾಡಿಯಾದರೂ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಅದನ್ನೇ ಪಡೆಯುವ ಓಡಾಟ ಆರಂಭವಾಗುತ್ತದೆ. ಮೆಕ್ಯಾನಿಕಲ್ ಎಂಬ ವಿಭಾಗವೊಂದಿದೆ ಎಂದು ಯಾರಾದರೂ ನೆನಪಿಸಿದರೆ, ‘ಗ್ರೀಸ್ ಮೆತ್ತಿಕೊಳ್ಳುವುದಕ್ಕೆ ಇಂಜಿನಿಯರಿಂಗ್ ಯಾಕೆ ಓದಬೇಕು?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಿಚಿತ್ರವೇನೆಂದರೆ, ಈ ಉತ್ತರ ಅತ್ಯಂತ ಖಚಿತವಾಗಿ ಬರುವುದು ಯಂತ್ರಗಳಿಂದಲೇ ಅನ್ನ ಸಂಪಾದಿಸಿದ ಮನೆಗಳಿಂದ. ಗ್ಯಾರೇಜು, ಲೇತ್, ವೆಲ್ಡಿಂಗ್ ಶಾಪ್, ಪಂಪ್‌ಸೆಟ್ ದುರಸ್ತಿ, ಎ.ಸಿ. ಮತ್ತು ಫ್ರಿಜ್ ರಿಪೇರಿಗಳಲ್ಲಿ ಆಯುಷ್ಯ ಸವೆಸಿದ ತಂದೆಯರು ತಮ್ಮ ಮಕ್ಕಳನ್ನು ಯಂತ್ರದ ಹತ್ತಿರಕ್ಕೂ ಸುಳಿಯಲು ಬಿಡುತ್ತಿಲ್ಲ.

ಈ ನಿಲುವಿನ ಹಿಂದಿರುವ ನೋವು ಅರ್ಥವಾಗದಂಥದ್ದಲ್ಲ. ಮೂವತ್ತು ವರ್ಷ ಲಾರಿಯ ಅಡಿಯಲ್ಲಿ ಮಲಗಿ ಕೆಲಸ ಮಾಡಿದವನಿಗೆ ಸಮಾಜ ಕೊಟ್ಟ ಗೌರವವೆಷ್ಟು, ಸಂಬಳವೆಷ್ಟು ಎಂಬುದು ಎಲ್ಲರಿಗೂ ಗೊತ್ತಿದೆ. ತನ್ನ ಬೆನ್ನುನೋವು ಮಗನಿಗೆ ಬಾರದಿರಲಿ ಎಂದು ಬಯಸುವುದು ತಂದೆಯ ಸಹಜ ಪ್ರೀತಿ. ಆದರೆ ಇಲ್ಲಿ ಒಂದು ತಪ್ಪು ಎಣಿಕೆಯಿದೆ. ಆ ತಂದೆಯನ್ನು ಬಡತನದಲ್ಲಿಟ್ಟದ್ದು ಯಂತ್ರವಲ್ಲ. ಯಂತ್ರದ ಬಗ್ಗೆ ಆತನಿಗಿದ್ದ ಅಪಾರ ಅನುಭವಕ್ಕೆ ಶಾಸ್ತ್ರದ ಬೆಂಬಲ ಮತ್ತು ಪದವಿಯ ಮುದ್ರೆ ಸಿಗದೇ ಹೋದದ್ದು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವನ ಮಗ ಅದೇ ಇಂಜಿನ್ನಿನ ಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಕಲಿತರೆ ಅದು ಹಿಂದಕ್ಕೆ ಇಟ್ಟ ಹೆಜ್ಜೆಯೇ, ಮುಂದಕ್ಕೆ ಇಟ್ಟ ಹೆಜ್ಜೆಯೇ? ಈ ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಂಡಂತಿಲ್ಲ.

ಕಂಪ್ಯೂಟರ್ ವಿಭಾಗದ ಮೇಲಿನ ಮೋಹಕ್ಕೆ ಹೆತ್ತವರು ಮಾತ್ರ ಕಾರಣರಲ್ಲ. ಸುಲಭವಾಗಿ ತುಂಬುವ ಸೀಟುಗಳನ್ನು ಹೆಚ್ಚಿಸಿಕೊಂಡು, ತುಂಬದ ವಿಭಾಗಗಳನ್ನು ಕುಗ್ಗಿಸುವುದು ಕಾಲೇಜುಗಳಿಗೂ ಲಾಭದ ದಾರಿಯಾಗಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2024-25ನೇ ಸಾಲಿನಿಂದ, ಉತ್ತಮ ಸೌಲಭ್ಯವುಳ್ಳ ಕಾಲೇಜುಗಳಿಗೆ ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂದಿದ್ದ ಗರಿಷ್ಠ ಮಿತಿಯನ್ನು ಸಡಿಲಿಸಿದ ಮೇಲೆ ಈ ಓಟ ಇನ್ನಷ್ಟು ವೇಗ ಪಡೆಯಿತು. ಆದರೆ ಮಾರುಕಟ್ಟೆ ಯಾರ ಮಾತನ್ನೂ ಕೇಳುವುದಿಲ್ಲ. 2023-24ರ ಹಣಕಾಸು ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್ ಮತ್ತು ವಿಪ್ರೋ ಮೂರೂ ಕಂಪೆನಿಗಳ ಉದ್ಯೋಗಿಗಳ ಸಂಖ್ಯೆ ಏರುವ ಬದಲು ಇಳಿಯಿತು. ಹಾಗೆಂದು ಸಾಫ್ಟ್‌ವೇರ್ ಕ್ಷೇತ್ರ ಮುಳುಗಿತು ಎಂದು ಯಾರೂ ಹೇಳಬೇಕಿಲ್ಲ. ಅದರಲ್ಲಿ ನಿಜವಾದ ಆಸಕ್ತಿ ಮತ್ತು ಸಾಮರ್ಥ್ಯವುಳ್ಳವರಿಗೆ ಇಂದೂ ಅವಕಾಶವಿದೆ. ಆಸಕ್ತಿಯನ್ನು ಕೇಳದೆಯೇ ಇಡೀ ಪೀಳಿಗೆಯನ್ನು ಒಂದೇ ಬಾಗಿಲಿನೆದುರು ಸಾಲಾಗಿ ನಿಲ್ಲಿಸುವುದು ಮಾತ್ರ ವಿವೇಕವಲ್ಲ.

ಅಷ್ಟಕ್ಕೂ ಮೆಕ್ಯಾನಿಕಲ್ ಮತ್ತು ಇಂಧನ ಇಂಜಿನಿಯರಿಂಗ್ ಎಂದರೇನು? ಅದು ಗ್ಯಾರೇಜಿನ ಕೆಲಸವನ್ನೇ ನಾಲ್ಕು ವರ್ಷ ಕಲಿಸುವ ತರಗತಿಯಲ್ಲ. ಶಕ್ತಿ ಎಲ್ಲಿಂದ ಬರುತ್ತದೆ, ಹೇಗೆ ರೂಪ ಬದಲಿಸುತ್ತದೆ, ಎಲ್ಲಿ ಸೋರಿಹೋಗುತ್ತದೆ, ಅದನ್ನು ಹೊರುವ ಉಕ್ಕು ಯಾವ ಹಂತದಲ್ಲಿ ಬಾಗುತ್ತದೆ ಅಥವಾ ಮುರಿಯುತ್ತದೆ ಎಂಬುದನ್ನು ಲೆಕ್ಕ ಹಾಕುವ ವಿದ್ಯೆ ಅದು. ಮೊದಲ ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಡ್ರಾಯಿಂಗ್ ಮತ್ತು ವರ್ಕ್‌ಶಾಪ್. ಆ ಬಳಿಕ ಥರ್ಮೋಡೈನಮಿಕ್ಸ್, ದ್ರವಗಳ ಚಲನೆ, ಲೋಹಗಳ ಗುಣ, ಉಷ್ಣ ಪ್ರಸರಣ, ಯಂತ್ರಗಳ ವಿನ್ಯಾಸ, ಉತ್ಪಾದನಾ ತಂತ್ರ. ಕೊನೆಯ ಹಂತದಲ್ಲಿ ಟರ್ಬೈನ್, ಶೈತ್ಯೀಕರಣ, ವಿದ್ಯುತ್ ಸ್ಥಾವರ, ಸೌರ ಮತ್ತು ಪವನ ಶಕ್ತಿ, ಇಂಧನ ಉಳಿತಾಯ. ಸ್ನಾತಕೋತ್ತರ ಹಂತದಲ್ಲಿ ಇಂಧನವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು.

ಈ ವಿದ್ಯೆಯ ಅಡಿಗಲ್ಲು ಎಷ್ಟು ಸರಳ ಮತ್ತು ಎಷ್ಟು ಆಳವಾದುದು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಎಂಬ ಇಪ್ಪತ್ತೆಂಟರ ಹರೆಯದ ಇಂಜಿನಿಯರ್ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಶಾಖದಿಂದ ಓಡುವ ಯಾವುದೇ ಇಂಜಿನ್ನು, ಅದನ್ನು ಎಷ್ಟೇ ಜಾಣ್ಮೆಯಿಂದ ಮಾಡಿದರೂ, ಒಂದು ಮಿತಿಯನ್ನು ಮೀರಲಾರದು. ಆ ಮಿತಿಯನ್ನು ನಿರ್ಧರಿಸುವುದು ಬಿಸಿ ಮತ್ತು ತಂಪಿನ ನಡುವಿನ ಅಂತರ ಎಂಬುದು ಅದರ ತಿರುಳು. ಇಂದಿನ ಲೆಕ್ಕದಲ್ಲಿ ನೋಡಿದರೆ, 540 ಡಿಗ್ರಿ ಸೆಲ್ಸಿಯಸ್‌ನ ಹಬೆಯನ್ನು ಬಳಸಿ 40 ಡಿಗ್ರಿಯಲ್ಲಿ ಹೊರಬಿಡುವ ಸ್ಥಾವರ ಹೆಚ್ಚೆಂದರೆ ನೂರರಲ್ಲಿ 61 ಪಾಲು ಶಾಖವನ್ನು ಕೆಲಸವಾಗಿ ಮಾರ್ಪಡಿಸಬಹುದು. ವಾಸ್ತವದಲ್ಲಿ ಹಳೆಯ ಕಲ್ಲಿದ್ದಲು ಸ್ಥಾವರಗಳು ಮುಟ್ಟುವುದು ಸುಮಾರು 35. ಉಳಿದದ್ದು ಚಿಮಣಿಯಿಂದ, ಕೂಲಿಂಗ್ ಟವರಿನಿಂದ ಆಕಾಶ ಸೇರುತ್ತದೆ. ಆ 35 ಅನ್ನು 36 ಮಾಡುವುದಕ್ಕೂ ವರ್ಷಗಳ ಶ್ರಮ ಬೇಕು. ಆ ಒಂದು ಅಂಶದಲ್ಲಿ ಉಳಿಯುವ ಕಲ್ಲಿದ್ದಲು ರೈಲುಗಟ್ಟಲೆ. ಇಂಧನ ಇಂಜಿನಿಯರನ ಕಸುಬು ಇದೇ.

ಈ ಕಸುಬಿಗೆ ನಮ್ಮ ರಾಜ್ಯದಷ್ಟು ದೊಡ್ಡ ಪಾಠಶಾಲೆ ಬೇರೊಂದಿಲ್ಲ ಎಂದರೂ ತಪ್ಪಾಗದು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಸಾಗಿಸಿದ ನೆಲವಿದು. ಶರಾವತಿಯ 1035 ಮೆಗಾವ್ಯಾಟ್, ರಾಯಚೂರಿನ ಶಕ್ತಿನಗರದ 1720 ಮೆಗಾವ್ಯಾಟ್, ಕೈಗಾದ ನಾಲ್ಕು ಅಣು ಘಟಕಗಳ 880 ಮೆಗಾವ್ಯಾಟ್, ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2050 ಮೆಗಾವ್ಯಾಟ್‌ನ ಸೌರ ಪಾರ್ಕ್, ಚಿತ್ರದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರಗಳು, ಮಂಗಳೂರಿನ ತೈಲ ಸಂಸ್ಕರಣಾಗಾರ ಎಲ್ಲವೂ ಈ ರಾಜ್ಯದಲ್ಲಿವೆ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರ ತನಕ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆ ಕಾಲಕ್ಕೆ ಅದು ವಿಶ್ವದಾಖಲೆ. ಪತ್ರಿಕೆಗಳು ಅದನ್ನು ಅಣು ವಿಜ್ಞಾನದ ಗೆಲುವೆಂದು ಬರೆದವು. ಆದರೆ 962 ದಿನ ಕೆಡದೆ ಉಳಿದದ್ದು ಪಂಪು, ವಾಲ್ವು, ಬೇರಿಂಗು, ಟರ್ಬೈನುಗಳು. ಅವುಗಳ ಹಿಂದೆ ಇದ್ದದ್ದು ಹೆಸರು ಗೊತ್ತಿಲ್ಲದ ಮೆಕ್ಯಾನಿಕಲ್ ಇಂಜಿನಿಯರ್‌ಗಳು ಮತ್ತು ತಂತ್ರಜ್ಞರ ಎಚ್ಚರ.

ಇಂಧನ ಕ್ಷೇತ್ರದಲ್ಲಿ ಈಗ ನಡೆಯುತ್ತಿರುವುದು ಸಣ್ಣ ಬದಲಾವಣೆಯಲ್ಲ. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2030ರ ವೇಳೆಗೆ ಕಲ್ಲಿದ್ದಲು, ತೈಲಗಳನ್ನು ಅವಲಂಬಿಸದ 500 ಗಿಗಾವ್ಯಾಟ್ ವಿದ್ಯುತ್ ಸಾಮರ್ಥ್ಯವನ್ನೂ, 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನೂ ಗುರಿಯಾಗಿ ಘೋಷಿಸಿತು. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಇಂಥ ಮೂಲಗಳದ್ದಾಯಿತು ಎಂದು ಸರಕಾರ ಹೇಳಿತು. ಇದು ಹೆಮ್ಮೆಯ ಸಂಗತಿಯೇ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೂರ್ಯ ಮುಳುಗಿದ ಮೇಲೂ ದೀಪ ಉರಿಯಬೇಕು. ದೇಶ ನಿಜವಾಗಿ ಬಳಸಿದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು 2024ರಲ್ಲೂ ಕಲ್ಲಿದ್ದಲಿನಿಂದಲೇ ಬಂದಿತ್ತು. ಸಾಮರ್ಥ್ಯ ಮತ್ತು ಉತ್ಪಾದನೆಯ ನಡುವಿನ ಈ ಕಂದಕವನ್ನು ಭಾಷಣಗಳು ತುಂಬುವುದಿಲ್ಲ. ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ, ಕಾರ್ಖಾನೆಗಳಲ್ಲಿ ಪೋಲಾಗುವ ಶಾಖದ ಮರುಬಳಕೆ, ಉತ್ತಮ ಪಂಪು ಮತ್ತು ಮೋಟರ್‌ಗಳು ತುಂಬಬೇಕು. ಇವನ್ನೆಲ್ಲ ಮಾಡುವ ಕೈಗಳು ಯಾರವು? ಮೆಕ್ಯಾನಿಕಲ್ ವಿಭಾಗದ ಬೆಂಚುಗಳು ಖಾಲಿ ಬಿದ್ದಿರುವ ಈ ಹೊತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆಯಿದು.

ಈ ಪ್ರಶ್ನೆ ದೂರದ ಸ್ಥಾವರಗಳದ್ದು ಮಾತ್ರವಲ್ಲ. ನಮ್ಮ ಬೀದಿಯ ಗ್ಯಾರೇಜಿನದ್ದೂ ಹೌದು. ಪೆಟ್ರೋಲ್ ಇಂಜಿನ್ನು ತನ್ನೊಳಗೆ ಸುಡುವ ಇಂಧನದ ಸುಮಾರು ಕಾಲು ಭಾಗವನ್ನಷ್ಟೇ ಚಕ್ರಕ್ಕೆ ತಲುಪಿಸುತ್ತದೆ. ವಿದ್ಯುತ್ ಮೋಟರ್ ತಾನು ಪಡೆದ ಶಕ್ತಿಯ ಬಹುಪಾಲನ್ನು ತಲುಪಿಸುತ್ತದೆ. ವಿದ್ಯುತ್ ಆಟೋ ಮತ್ತು ಸ್ಕೂಟರುಗಳು ನಮ್ಮ ರಸ್ತೆಗಳಿಗೆ ಈಗಾಗಲೇ ಇಳಿದಿವೆ. ಅವುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಇಂಜಿನ್ ಆಯಿಲ್ ಇಲ್ಲ. ಗ್ಯಾರೇಜಿನ ಅರ್ಧ ಕೆಲಸವೇ ಇಲ್ಲ. ಹತ್ತು, ಹದಿನೈದು ವರ್ಷಗಳ ಬಳಿಕ ಆ ಗ್ಯಾರೇಜು ಏನಾಗುತ್ತದೆ ಎಂಬುದನ್ನು ಯೋಚಿಸಿದ್ದೇವೆಯೇ? ಮುಸ್ಲಿಮರಲ್ಲಿ ಸಂಬಳದ ಉದ್ಯೋಗಕ್ಕಿಂತ ಸ್ವಂತ ಕಸುಬನ್ನು ನಂಬಿದವರೇ ಹೆಚ್ಚು ಎಂಬುದನ್ನು 2006ರಲ್ಲೇ ಸಾಚಾರ್ ಸಮಿತಿಯ ವರದಿ ತೋರಿಸಿಕೊಟ್ಟಿದೆ. ಕಸುಬಿನ ಸ್ವರೂಪ ಬದಲಾಗುವಾಗ ಮೊದಲು ಬೀಳುವ ಪೆಟ್ಟು ಇಂಥವರಿಗೇ. ಬ್ಯಾಟರಿ ಬಿಸಿಯಾಗದಂತೆ ತಂಪಾಗಿಡುವುದು ಹೇಗೆ, ಅದರ ಭಾರವನ್ನು ಚೌಕಟ್ಟಿನಲ್ಲಿ ಹಂಚುವುದು ಹೇಗೆ ಎಂಬುದು ಉಷ್ಣ ಪ್ರಸರಣ ಮತ್ತು ಯಂತ್ರ ವಿನ್ಯಾಸದ ಪಾಠ. ಅದನ್ನು ಕಲಿತ ಮಗ ಮನೆಯಲ್ಲಿದ್ದರೆ ತಂದೆಯ ಗ್ಯಾರೇಜು ಹೊಸ ಕಾಲಕ್ಕೆ ದಾಟಬಹುದು. ಕಲಿತವನು ಇಲ್ಲದಿದ್ದರೆ ಶಟರ್ ಎಳೆಯುವುದೊಂದೇ ಉಳಿಯುತ್ತದೆ.

ಗಲ್ಫಿನ ದಾರಿಯೂ ಹಿಂದಿನಂತಿಲ್ಲ. ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳು ಅಲ್ಲಿನ ತೈಲ ಘಟಕ, ಎ.ಸಿ. ನಿರ್ವಹಣೆ ಮತ್ತು ನೀರು ಸಿಹಿಗೊಳಿಸುವ ಸ್ಥಾವರಗಳ ಸಂಬಳದಿಂದ ಮನೆ ಕಟ್ಟಿವೆ. ಅದೇ ಅಬುಧಾಬಿಯಲ್ಲಿ ಈಗ ಬರಾಕಾದ ನಾಲ್ಕು ಅಣು ಘಟಕಗಳು ವಿದ್ಯುತ್ ಉತ್ಪಾದಿಸುತ್ತಿವೆ. ಅವುಗಳಲ್ಲಿ ಕೊನೆಯದು 2024ರಲ್ಲಿ ಪೂರ್ಣ ಪ್ರಮಾಣದಲ್ಲಿ ಆರಂಭವಾಯಿತು. ಮರುಭೂಮಿಯಲ್ಲಿ ದೈತ್ಯ ಸೌರ ಪಾರ್ಕುಗಳು ಎದ್ದಿವೆ. ತೈಲದ ಒಡೆಯರೇ ತೈಲದಾಚೆಯ ದಿನಕ್ಕೆ ಸಿದ್ಧರಾಗುತ್ತಿರುವಾಗ, ಹಳೆಯ ವೀಸಾ, ಹಳೆಯ ಕೆಲಸವನ್ನೇ ನಂಬಿ ಕೂರುವುದು ಸಲ್ಲದು.

ಯಂತ್ರಶಾಸ್ತ್ರದ ಚರ್ಚೆ ಬಂದಾಗ ನಮ್ಮ ವೇದಿಕೆಗಳಲ್ಲಿ ಅಲ್-ಜಝರಿಯ ಹೆಸರು ತಪ್ಪದೆ ಕೇಳಿಬರುತ್ತದೆ. ದಿಯಾರ್‌ಬಕಿರ್‌ನ ಅರ್ತುಕಿ ದೊರೆಗಳ ಆಸ್ಥಾನದಲ್ಲಿದ್ದ ಆತ 1206ರಲ್ಲಿ ಐವತ್ತು ಯಂತ್ರಗಳನ್ನು ವಿವರಿಸುವ ಗ್ರಂಥವನ್ನು ಪೂರ್ಣಗೊಳಿಸಿದ. ನೀರೆತ್ತುವ ಪಂಪುಗಳು, ಜಲಗಡಿಯಾರಗಳು ಅದರಲ್ಲಿವೆ. 1976ರಲ್ಲಿ ಲಂಡನ್ನಿನ ವಿಜ್ಞಾನ ವಸ್ತು ಸಂಗ್ರಹಾಲಯದವರು ಅದರ ವಿವರಣೆಯನ್ನೇ ಅನುಸರಿಸಿ ಒಂದು ಜಲಗಡಿಯಾರವನ್ನು ಮತ್ತೆ ಕಟ್ಟಿದರು, ಅದು ನಡೆಯಿತು. ಏಳೂಮುಕ್ಕಾಲು ಶತಮಾನದ ಬಳಿಕವೂ ಇನ್ನೊಬ್ಬ ಓದಿ ಕಟ್ಟಬಹುದಾದಷ್ಟು ಸ್ಪಷ್ಟವಾಗಿ ಬರೆಯಲು ಆತನಿಗೆ ಸಾಧ್ಯವಾದುದು ಹೇಗೆ? ಅಳತೆ, ಲೋಹ, ಜೋಡಣೆ ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಿ ನೋಡಿದ ಕುಶಲಕರ್ಮಿ ಆತನಾಗಿದ್ದುದರಿಂದ. ಕೈ ಮತ್ತು ಲೇಖನಿ ಆತನಲ್ಲಿ ಬೇರೆ ಬೇರೆಯಾಗಿರಲಿಲ್ಲ. ವೇದಿಕೆಯಲ್ಲಿ ಆತನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು, ಮನೆಗೆ ಬಂದು ‘ಮೆಕ್ಯಾನಿಕಲ್ ಬೇಡ’ ಎನ್ನುತ್ತೇವೆ. ಪೂರ್ವಜರ ಮೇಲಿನ ಹೆಮ್ಮೆಗೂ ಅವರ ಕಸುಬಿನ ಮೇಲಿನ ತಾತ್ಸಾರಕ್ಕೂ ಹೊಂದಾಣಿಕೆಯೆಲ್ಲಿದೆ?

ಹತ್ತಿರದ ಉದಾಹರಣೆಯೂ ನಮ್ಮೆದುರಿಗಿದೆ. ಉಡುಪಿ ಜಿಲ್ಲೆಯ ಮೂಲದ ಹರೀಶ್ ಹಂದೆ ಅವರು ಐಐಟಿ ಖರಗಪುರದಲ್ಲಿ ಇಂಧನ ಇಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದರು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ವಿದ್ಯುತ್ ತಂತಿ ತಲುಪದ ಬಡವರ ಮನೆಗಳಿಗೆ ಸೌರದೀಪ ತಲುಪಿಸುವ ಕೆಲಸಕ್ಕೆ ಕೈಹಾಕಿದರು. ಬಡವರು ಹಣ ಕೊಡಲಾರರು, ಯಂತ್ರವನ್ನು ಕಾಪಾಡಿಕೊಳ್ಳಲಾರರು ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಬ್ಯಾಂಕುಗಳನ್ನು ಒಪ್ಪಿಸಿ ಸಾಲ ಕೊಡಿಸಿದರು, ದುರಸ್ತಿಗೆ ಸ್ಥಳೀಯ ಹುಡುಗರನ್ನು ಸಜ್ಜುಗೊಳಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಧನ ಶಾಸ್ತ್ರದ ಪದವಿಯೊಂದು ಜೋಪಡಿಯ ಕತ್ತಲನ್ನು ಹೋಗಲಾಡಿಸುವ ಸಾಧನವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಬಳಿಕ ಕಹಿ ಸತ್ಯಗಳನ್ನೂ ಮುಚ್ಚಿಡಬಾರದು. ಮೆಕ್ಯಾನಿಕಲ್ ಓದಿದವರ ಮೊದಲ ಸಂಬಳ ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪೆನಿಗಳ ಒಳ್ಳೆಯ ಸಂಬಳದಷ್ಟು ಇರುವುದಿಲ್ಲ. ಕೆಲಸ ಹಲವೊಮ್ಮೆ ಊರಿನಿಂದ ದೂರದ ಕಾರ್ಖಾನೆಯಲ್ಲಿ, ಪಾಳಿಯಲ್ಲಿ. ಗಣಿತಕ್ಕೆ ಹೆದರುವವನು ಇಲ್ಲಿ ತಪ್ಪಿಸಿಕೊಳ್ಳಲಾರ. ಕಂಪ್ಯೂಟರ್ ಸಿಗಲಿಲ್ಲವೆಂಬ ಬೇಸರದಲ್ಲಿ ಬಂದವನು ಎರಡನೇ ವರ್ಷದಲ್ಲೇ ಸೋಲುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಲ್ಯಾಬಿನ ಯಂತ್ರಗಳು ಧೂಳು ಹಿಡಿದಿರುವ, ಪಾಠ ಮಾಡಲು ಅಧ್ಯಾಪಕರಿಲ್ಲದ ಕಾಲೇಜಿನಲ್ಲಿ ಈ ವಿದ್ಯೆಯನ್ನು ಓದುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ. ಆದ್ದರಿಂದ ಕಾಲೇಜು ಆರಿಸುವ ಮುನ್ನ ಹೆತ್ತವರು ಕಟ್ಟಡದ ಗಾಜನ್ನು ನೋಡದೆ ವರ್ಕ್‌ಶಾಪಿಗೆ ಹೋಗಿ ನೋಡಲಿ. ಇಂಜಿನ್ ಪರೀಕ್ಷಿಸುವ ಯಂತ್ರ ಕೊನೆಯ ಬಾರಿ ಓಡಿದ್ದು ಯಾವಾಗ ಎಂದು ಕೇಳಲಿ. ಅಲ್ಲಿ ಓದುತ್ತಿರುವ ಮಕ್ಕಳೊಂದಿಗೆ ಮಾತನಾಡಲಿ.

ದಾರಿ ಒಂದೇ ಅಲ್ಲ ಎಂಬುದೂ ತಿಳಿದಿರಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯುವುದು ಒಂದು ದಾರಿ. ಹತ್ತನೇ ತರಗತಿಯ ಬಳಿಕ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಮೂಲಕ ನೇರವಾಗಿ ಪದವಿಯ ಎರಡನೇ ವರ್ಷಕ್ಕೆ ಸೇರುವುದು ಇನ್ನೊಂದು. ಮನೆಯ ಆರ್ಥಿಕ ಸ್ಥಿತಿ ಬಿಗಿಯಾಗಿರುವವರಿಗೆ ಎರಡನೆಯದೇ ಒಳಿತು. ನಡುವೆ ಓದು ನಿಂತರೂ ಕೈಯಲ್ಲೊಂದು ಕಸುಬು ಉಳಿದಿರುತ್ತದೆ. ಪದವಿಯ ಬಳಿಕ ಗೇಟ್ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದವರಿಗೆ ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳಲ್ಲಿ ಸ್ನಾತಕೋತ್ತರ ಓದಿಗೆ ಬಾಗಿಲು ತೆರೆಯುತ್ತದೆ; ಓದುವಾಗಲೇ ಮಾಸಿಕ ನೆರವೂ ಸಿಗುತ್ತದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಬಳಿಕ ‘ಇಂಧನ ಲೆಕ್ಕಪರಿಶೋಧಕ’ ಎಂಬ ಹೊಸ ವೃತ್ತಿಯೂ ಹುಟ್ಟಿದೆ. ಅನುಭವ ಪಡೆದ ಇಂಜಿನಿಯರ್‌ಗಳು ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಈ ಅರ್ಹತೆ ಗಳಿಸಬಹುದು. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರ್, ಬಂದರಿನ ಐಸ್ ಪ್ಲಾಂಟ್, ಬೇಕರಿಯ ಒಲೆ, ಆಸ್ಪತ್ರೆಯ ಎ.ಸಿ. ಇವೆಲ್ಲ ಎಷ್ಟು ಇಂಧನ ನುಂಗುತ್ತವೆ, ಎಷ್ಟು ಉಳಿಸಬಹುದು ಎಂದು ಅಳೆದು ಹೇಳುವವರು ನಮ್ಮ ಊರುಗಳಲ್ಲೇ ಬೇಕಾಗಿದ್ದಾರೆ.

ಹೆಣ್ಣುಮಕ್ಕಳನ್ನು ಈ ಚರ್ಚೆಯಿಂದ ಹೊರಗಿಡಲು ಯಾವ ಕಾರಣವೂ ಇಲ್ಲ. 1974ರಲ್ಲಿ ಟೆಲ್ಕೋ ಕಂಪೆನಿಯ ಜಾಹೀರಾತಿನಲ್ಲಿ ‘ಮಹಿಳೆಯರು ಅರ್ಜಿ ಸಲ್ಲಿಸಬೇಕಿಲ್ಲ’ ಎಂದಿದ್ದುದನ್ನು ಪ್ರಶ್ನಿಸಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡ್ ಬರೆದವರು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿ. ಕಂಪೆನಿ ಅವರನ್ನು ಕರೆದು ಕೆಲಸ ಕೊಟ್ಟಿತು. ಅಂದಿನಿಂದ ಯಂತ್ರಗಳು ಎಷ್ಟೋ ಬದಲಾದವು. ಭಾರ ಎತ್ತುವ ಕೆಲಸವನ್ನು ಕ್ರೇನ್ ಮಾಡುತ್ತದೆ, ವಿನ್ಯಾಸ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದೆ. ಬದಲಾಗದಿರುವುದು ನಮ್ಮ ಅಂಜಿಕೆ ಮಾತ್ರ. ಗಣಿತ, ಭೌತಶಾಸ್ತ್ರಗಳಲ್ಲಿ ಮುಂದಿರುವ ಹುಡುಗಿಗೆ ಟರ್ಬೈನಿನ ಲೆಕ್ಕ ಬಾರದು ಎನ್ನಲು ನಮಗೇನು ಆಧಾರವಿದೆ?

ಸರಕಾರದ ಹೊಣೆಯನ್ನೂ ಮರೆಯುವಂತಿಲ್ಲ. ಪಾವಗಡದಂಥ ಯೋಜನೆಗಳನ್ನು ಉದ್ಘಾಟಿಸುವುದು ಸುಲಭ. ಆ ತಾಲೂಕಿನ ಮಕ್ಕಳು ಅಲ್ಲಿ ಕಾವಲುಗಾರರಾಗದೆ ಇಂಜಿನಿಯರ್‌ಗಳಾಗುವಂತೆ ಸಜ್ಜುಗೊಳಿಸುವುದು ಕಷ್ಟ. ಸರಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಖಾಲಿ ಹುದ್ದೆಗಳನ್ನು ತುಂಬುವುದು, ಲ್ಯಾಬುಗಳಿಗೆ ಸೌರ ಪ್ಯಾನೆಲ್ ಮತ್ತು ಬ್ಯಾಟರಿಗಳನ್ನು ಒದಗಿಸುವುದು, ಸೀಟುಗಳ ಹಂಚಿಕೆಯನ್ನು ಮಾರುಕಟ್ಟೆಯ ಮರ್ಜಿಗೆ ಬಿಡದಿರುವುದು ಅದರ ಕರ್ತವ್ಯ. ಇಂಧನದ ಪ್ರಶ್ನೆ ಬರೀ ಮೆಗಾವ್ಯಾಟಿನದ್ದಲ್ಲ, ನ್ಯಾಯದ್ದು ಕೂಡಾ. ಪಾವಗಡದಲ್ಲಿ ಜಮೀನು ಗುತ್ತಿಗೆ ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಬಾಡಿಗೆ ನಿಗದಿಯಾಯಿತು. ಆದರೆ ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತನಿಗೆ ಸಿಕ್ಕಿದ್ದೇನು? ಶರಾವತಿ ಕಣಿವೆಯ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಮಲೆನಾಡಿನಲ್ಲಿ ಎದ್ದಿರುವ ಆಕ್ಷೇಪಗಳು ಕಾಡಿನ ಬಗ್ಗೆ, ಸಿಂಗಳೀಕಗಳ ಬಗ್ಗೆ, ಜನರ ಬದುಕಿನ ಬಗ್ಗೆ. ಇಂಥ ಪ್ರಶ್ನೆಗಳಿಗೆ ಉತ್ತರಿಸಲು ಲೆಕ್ಕವೂ ಗೊತ್ತಿರುವ, ಮನುಷ್ಯರ ಕಷ್ಟವೂ ಗೊತ್ತಿರುವ ಇಂಜಿನಿಯರ್‌ಗಳು ಬೇಕು. ಕಷ್ಟವನ್ನು ಹತ್ತಿರದಿಂದ ಕಂಡ ಮನೆಗಳಿಂದಲೇ ಅವರು ಬರಬೇಕು.

ನಮ್ಮ ಸಂಘ ಸಂಸ್ಥೆಗಳು ಪ್ರತಿವರ್ಷ ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸುತ್ತವೆ, ಸ್ಮರಣಿಕೆ ಕೊಡುತ್ತವೆ. ಅದರೊಂದಿಗೆ ಊರಿನ ಒಬ್ಬ ಹಿರಿಯ ಮೆಕ್ಯಾನಿಕ್‌ನನ್ನೂ, ಒಬ್ಬ ಇಂಜಿನಿಯರ್‌ನನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಮಕ್ಕಳೊಂದಿಗೆ ಮಾತನಾಡಿಸಲಿ. ಡಿಪ್ಲೊಮಾ ಓದುವ ಹುಡುಗನಿಗೂ ವಿದ್ಯಾರ್ಥಿವೇತನ ಸಿಗಲಿ. ಹೆತ್ತವರು ಮಗನ ಮುಂದೆ ಆಯ್ಕೆಯ ಪಟ್ಟಿಯನ್ನಿಡುವ ಮೊದಲು ಒಂದು ಮಾತು ಕೇಳಲಿ: ‘ನಿನಗೆ ಯಾವುದು ಇಷ್ಟ?’ ಮನೆಯ ಹಳೆಯ ಫ್ಯಾನನ್ನು ಬಿಚ್ಚಿ ಮತ್ತೆ ಜೋಡಿಸಿ ಬೈಗುಳ ತಿಂದ ಹುಡುಗನಿದ್ದರೆ, ಅವನ ಉತ್ತರವನ್ನು ಗಮನವಿಟ್ಟು ಆಲಿಸಲಿ.

ಗ್ರೀಸ್ ಮೆತ್ತಿದ ಕೈ ಅವಮಾನದ ಗುರುತಲ್ಲ. ಆ ಕೈಗೆ ಪುಸ್ತಕವನ್ನು ಕೊಡದೇ ಹೋದದ್ದು ನಮ್ಮ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಈಗ ಒದಗಿ ಬಂದಿದೆ. ಅದನ್ನೂ ಕಂಪ್ಯೂಟರ್ ಸೀಟಿನ ಸಾಲಿನಲ್ಲಿ ನಿಂತು ಕಳೆದುಕೊಂಡರೆ, ಬದಲಾಗುತ್ತಿರುವ ಕಾಲವನ್ನು ದೂರಿ ಪ್ರಯೋಜನವಿಲ್ಲ.